ಕೊನೆಯ ಶತ್ರುವಿಗಿಂತ ಅವನ ಕೈಕೆಳಗಿನ ಖಳನೇ ಹೆಚ್ಚು ಕಾಡುವುದೇಕೆ?

ಪ್ರಶ್ನೆ: ದೀಪಸ್ತಂಭ

ಫ್ಯಾಂಟಸಿ ಗೇಮ್‌ಗಳಲ್ಲಿ ಜಗತ್ತನ್ನೇ ನುಂಗಲು ಹೊರಟ ಮುಖ್ಯ ಖಳನಿಗಿಂತ, ಅವನ ಕೈಕೆಳಗೆ ದುಡಿಯುವ ಅಥವಾ ಅವನ ನೆರಳಿನಲ್ಲೇ ತನ್ನದೊಂದು ಬೇರೆ ಲೆಕ್ಕಾಚಾರ ಇಟ್ಟುಕೊಂಡಿರುವ ಎರಡನೇ ಸಾಲಿನ ಖಳನೇ ಆಟ ಮುಗಿದ ಮೇಲೂ ಮನಸ್ಸಿನಲ್ಲಿ ಉಳಿದುಬಿಡುವುದನ್ನು ಗಮನಿಸುತ್ತ ಬಂದಿದ್ದೇನೆ. 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿ ಇಡೀ ಯುದ್ಧ ನಡೆಯುವುದು ಆರ್ಚ್‌ಡೀಮನ್ ಎಂಬ ಡ್ರ್ಯಾಗನ್ನಿನ ವಿರುದ್ಧ, ಆದರೆ ಅದು ನಮ್ಮೊಡನೆ ಒಂದು ಮಾತನ್ನೂ ಆಡುವುದಿಲ್ಲ. ಆಡಿದವರು ಇಂದಿಗೂ ವಾದಕ್ಕೆ ಕೂರುವುದು ಸೇನಾಪತಿ ಲೋಗೇನ್‌ನ ವಿಷಯಕ್ಕೆ. 2015ರ ದಿ ವಿಚರ್ 3ರಲ್ಲಿ ವೈಲ್ಡ್ ಹಂಟ್ ಎಂಬ ಶತ್ರುಪಡೆಯ ಹೆಸರು ಆಟದ ಹೆಸರಿನಲ್ಲೇ ಇದೆ. ಆದರೂ ಅದರ ರಾಜ ಎರೆಡಿನ್ ಏನು ಮಾತನಾಡಿದನೆಂದು ಕೇಳಿದರೆ ತಡವರಿಸಬೇಕಾಗುತ್ತದೆ. ಅದೇ ಆಟದ ಶುರುವಿನ ಹಳ್ಳಿಯ ಹೋಟೆಲಿನಲ್ಲಿ ಕನ್ನಡಿ ವ್ಯಾಪಾರಿಯ ವೇಷದಲ್ಲಿ ಸುಮ್ಮನೆ ಕುಶಲ ವಿಚಾರಿಸಿ, ಆಮೇಲೆ ಹಾರ್ಟ್ಸ್ ಆಫ್ ಸ್ಟೋನ್ ಎಕ್ಸ್‌ಪಾನ್ಶನ್‌ನಲ್ಲಿ (ಮೂಲ ಆಟಕ್ಕೆ ಆಮೇಲೆ ಸೇರಿದ ಹೆಚ್ಚುವರಿ ಕಥೆ) ನಿಜರೂಪ ತೋರಿಸುವ ಗಾಂಟರ್ ಓ'ಡಿಮ್‌ನನ್ನು ಮರೆತವರನ್ನು ನಾನು ಕಂಡಿಲ್ಲ.

ನನ್ನ ಪ್ರಶ್ನೆ ಇಷ್ಟು. ಇದು ಬರಹಗಾರರ ಕೈಚಳಕವೇ, ಅಥವಾ ಆಟದ ರಚನೆಯೊಳಗೇ ಎರಡನೇ ಸಾಲಿನವರಿಗೆ ಅನುಕೂಲವಾದದ್ದು ಏನಾದರೂ ಇದೆಯೇ? ಎರಡನೇ ಸಾಲಿನಲ್ಲಿ ನಿಂತ ಮಾತ್ರಕ್ಕೆ ಎಲ್ಲರೂ ಮನಸ್ಸಿಗೆ ಹತ್ತುತ್ತಾರೆ ಎಂದೂ ಅಲ್ಲ. 2014ರ ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್‌ನಲ್ಲಿ ಮುಖ್ಯ ಖಳ ಕೊರಿಫಿಯಸ್‌ನ ಬಲಗೈಯಾಗಿ ಸ್ಯಾಮ್ಸನ್ ಅಥವಾ ಕ್ಯಾಲ್ಪರ್ನಿಯಾ, ಇಬ್ಬರಲ್ಲಿ ಒಬ್ಬರು ಬರುತ್ತಾರೆ. ಇಬ್ಬರಿಗೂ ಒಳ್ಳೆಯ ಹಿನ್ನೆಲೆಯಿದೆ, ಆದರೆ ನನ್ನ ಮಟ್ಟಿಗೆ ಇಬ್ಬರೂ ಮಸುಕು ಮಸುಕು. ಆದ್ದರಿಂದ "ಬರವಣಿಗೆ ಚೆನ್ನಾಗಿದ್ದರೆ ಸಾಕು" ಎಂಬ ಉತ್ತರಕ್ಕಿಂತ, ಒಬ್ಬ ಖಳನನ್ನು ಇನ್ನೊಬ್ಬನ ಪಕ್ಕದಲ್ಲಿಟ್ಟು ನೋಡುವ ಉತ್ತರಗಳನ್ನು ನಿರೀಕ್ಷಿಸುತ್ತೇನೆ. ಹಳೆಯ ಆಟಗಳೇ ಆದ್ದರಿಂದ ಕಥೆಯ ಗುಟ್ಟು ಬಿಟ್ಟುಕೊಡುವುದಕ್ಕೆ ನನ್ನ ಅಭ್ಯಂತರವಿಲ್ಲ; ಆಡದೆ ಇರುವವರು ಇಲ್ಲಿಗೇ ಓದು ನಿಲ್ಲಿಸುವುದು ಒಳ್ಳೆಯದು.

ಉತ್ತರ: ಹಳೇ ಸೇವ್ ಫೈಲ್

ಮುಖ್ಯ ಖಳನ ಹಣೆಬರಹ ಆಟ ಶುರುವಾಗುವ ಮೊದಲೇ ಬರೆದಾಗಿರುತ್ತದೆ. ಅವನು ಕೊನೆಯವರೆಗೆ ಬದುಕಿರಬೇಕು, ಕೊನೆಯಲ್ಲಿ ಸಾಯಬೇಕು, ನಡುವೆ ನಮ್ಮ ಕೈಗೆ ಸಿಗಬಾರದು. ಹೀಗಾಗಿ ಅವನನ್ನು ದೂರದಲ್ಲಿಡುವುದು ಬಿಟ್ಟರೆ ಬರಹಗಾರರಿಗೆ ಬೇರೆ ದಾರಿ ಇರುವುದಿಲ್ಲ. ಅವನು ಒಂದೋ ಸಿಂಹಾಸನದ ಮೇಲಿರುತ್ತಾನೆ, ಇಲ್ಲವೇ ಕನಸಿನಲ್ಲಿ ಬಂದು ಬೆದರಿಸಿ ಹೋಗುತ್ತಾನೆ. ಎರಡನೇ ಸಾಲಿನ ಖಳನಿಗೆ ಈ ಕಟ್ಟುಪಾಡಿಲ್ಲ. ಅವನನ್ನು ಕಥೆಯ ನಡುವೆಯೇ ಕೊಲ್ಲಬಹುದು, ಕ್ಷಮಿಸಬಹುದು, ಅವನೊಡನೆ ಒಪ್ಪಂದಕ್ಕೆ ಸಹಿ ಹಾಕಬಹುದು, ಕೆಲವೊಮ್ಮೆ ನಮ್ಮ ಪಾರ್ಟಿಗೇ, ಅಂದರೆ ಜೊತೆಗಾರರ ತಂಡಕ್ಕೇ, ಸೇರಿಸಿಕೊಳ್ಳಬಹುದು. ಏನು ಮಾಡಿದರೂ ಕಥೆ ಮುಂದಕ್ಕೆ ಸಾಗುತ್ತದೆ. ಅವನ ಭವಿಷ್ಯ ಇತ್ಯರ್ಥವಾಗದೆ ಉಳಿದಿರುವುದರಿಂದಲೇ ಅವನ ಬಗ್ಗೆ ನಾವು ಯೋಚಿಸಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಲೋಗೇನ್‌ನನ್ನೇ ನೋಡಿ. ಆಸ್ಟಗಾರ್ ಯುದ್ಧದ ರಾತ್ರಿ ಗೋಪುರ ಹತ್ತಿ ಸಂಕೇತದ ಬೆಂಕಿ ಹೊತ್ತಿಸುವವರು ನಾವೇ. ಆ ಬೆಂಕಿ ಕಂಡ ಕೂಡಲೇ ಲೋಗೇನ್ ತನ್ನ ಸೈನ್ಯದೊಂದಿಗೆ ನುಗ್ಗಿ ರಾಜ ಕೈಲನ್‌ನ ನೆರವಿಗೆ ಬರಬೇಕೆಂಬುದು ಮೊದಲೇ ಆಗಿದ್ದ ಮಾತು. ಅವನು ಬೆಂಕಿಯನ್ನು ನೋಡುತ್ತಾನೆ, ಹಿಂದೆ ಸರಿಯುವ ಆಜ್ಞೆ ಕೊಡುತ್ತಾನೆ. ಪಕ್ಕದಲ್ಲಿದ್ದ ಅಧಿಕಾರಿ ಕಾಥ್ರಿಯನ್ ರಾಜನ ಗತಿಯೇನು ಎಂದು ಅನುಮಾನಿಸಿದಾಗ ಅವಳ ಕೈ ಹಿಡಿದು ಹೇಳಿದಷ್ಟು ಮಾಡು ಎನ್ನುತ್ತಾನೆ. ಅಟ್ಟಹಾಸವಿಲ್ಲ, ಭಾಷಣವಿಲ್ಲ. ನಾವು ಕಷ್ಟಪಟ್ಟು ಹೊತ್ತಿಸಿದ ಬೆಂಕಿಯನ್ನು ಒಬ್ಬ ಮನುಷ್ಯ ಕಣ್ಣಾರೆ ಕಂಡು ಬೆನ್ನು ತಿರುಗಿಸಿ ನಡೆದುಬಿಡುತ್ತಾನೆ. ಅವನ ಮೇಲಿನ ಸಿಟ್ಟು ಕಥಾನಾಯಕನದ್ದಲ್ಲ, ಆಡುವವನದ್ದೇ ಆಗುತ್ತದೆ.

ಇದಾದ ಮೇಲೆ ಆಟ ನಿಧಾನವಾಗಿ ಅವನ ಹಿಂದಿನ ಕಥೆಯನ್ನು ಬಿಚ್ಚುತ್ತದೆ. ಓರ್ಲೇ ಸಾಮ್ರಾಜ್ಯದ ಹಿಡಿತದಿಂದ ನಾಡನ್ನು ಬಿಡಿಸಿದ ವೀರ ಅವನು. ಸತ್ತ ರಾಜ ಅವನ ಆಪ್ತ ಗೆಳೆಯನ ಮಗ, ಜೊತೆಗೆ ಅವನ ಅಳಿಯ. ಓರ್ಲೇಯ ಸೈನಿಕರನ್ನು ರಾಜನೇ ಕರೆದು ಒಳಗೆ ಬಿಟ್ಟುಕೊಳ್ಳುತ್ತಾನೆಂಬ ಭಯ ಅವನನ್ನು ತಿಂದುಹಾಕಿದೆ. ಆ ಭಯ ಪೂರ್ತಿ ಸುಳ್ಳಲ್ಲ, ಅದು ಮಾಡಿಸಿದ ಕೃತ್ಯಕ್ಕೆ ಕ್ಷಮೆಯೂ ಇಲ್ಲ. ಕೊನೆಗೆ ಲ್ಯಾಂಡ್ಸ್‌ಮೀಟ್ ಸಭೆಯಲ್ಲಿ ಅವನ ಪ್ರಾಣ ನಮ್ಮ ಕೈಯಲ್ಲಿರುತ್ತದೆ. ಅವನನ್ನು ಉಳಿಸಿ, ಆರ್ಚ್‌ಡೀಮನ್ ವಿರುದ್ಧ ಹೋರಾಡುವ ನಮ್ಮ ಗ್ರೇ ವಾರ್ಡನ್ ಪಡೆಗೆ ಸೇರಿಸಿಕೊಂಡರೆ, ಮೊದಲಿನಿಂದ ಜೊತೆಗಿದ್ದ ಅಲಿಸ್ಟರ್ ಮುಖ ಮುರಿದುಕೊಂಡು ಹೊರಟುಹೋಗುತ್ತಾನೆ. ಉಳಿದ ಲೋಗೇನ್ ಬೇಕಾದರೆ ಆರ್ಚ್‌ಡೀಮನ್‌ಗೆ ಕೊನೆಯ ಏಟು ಹಾಕಿ ತಾನೂ ಸಾಯುತ್ತಾನೆ. ಇಂಥ ಆಯ್ಕೆಯನ್ನು ಆ ಡ್ರ್ಯಾಗನ್ನಿನ ವಿಷಯದಲ್ಲಿ ಇಡಲು ಸಾಧ್ಯವೇ ಇರಲಿಲ್ಲ.

ಬಾಲ್ಡರ್ಸ್ ಗೇಟ್ 3ರ ರಾಫೇಲ್ ಎಂಬ ಸೈತಾನನಿಗೂ ಇದೇ ಮಾತು ಅನ್ವಯಿಸುತ್ತದೆ. ಆ ಆಟದ ಮೂಲ ಶತ್ರು ಒಂದು ದೈತ್ಯ ಮೆದುಳು. ಅದಕ್ಕೆ ಶಕ್ತಿಯಿದೆ, ಸ್ವಭಾವವಿಲ್ಲ. ರಾಫೇಲ್ ಮೊದಲ ಭೇಟಿಯಲ್ಲೇ ಬೆಕ್ಕು ಇಲಿಯ ಒಂದು ಪುಟ್ಟ ಪದ್ಯ ಹೇಳಿ, ನಮ್ಮನ್ನು ನರಕದಲ್ಲಿರುವ ತನ್ನ ಮನೆಗೆ ಎಳೆದೊಯ್ದು, ತುಂಬಿದ ಊಟದ ಮೇಜಿನ ಮುಂದೆ ನಿಲ್ಲಿಸಿ, ಏನನ್ನೂ ಕಿತ್ತುಕೊಳ್ಳದೆ ವಾಪಸ್ ಕಳಿಸುತ್ತಾನೆ. ಅವನಿಗೆ ಅವಸರವಿಲ್ಲ. ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ ನೀವಾಗಿಯೇ ಬರುತ್ತೀರಿ ಎಂಬ ಧೈರ್ಯ ಅವನದು. ಅವನ ಮನೆಗೆ ನುಗ್ಗಿ ಕಾದಾಡುವುದು ಕಡ್ಡಾಯವಲ್ಲ. ಅವನ ಒಪ್ಪಂದಕ್ಕೆ ಸಹಿ ಹಾಕಿ ಸುಮ್ಮನಾಗಬಹುದು, ಎರಡನ್ನೂ ಮಾಡದೆ ಆಟ ಮುಗಿಸಲೂಬಹುದು. ನುಗ್ಗಿದವರಿಗೆ ಮಾತ್ರ, ಆ ಕಾಳಗದ ಹಿನ್ನೆಲೆ ಹಾಡನ್ನು ರಾಫೇಲ್ ಸ್ವತಃ ತನ್ನ ದನಿಯಲ್ಲೇ ಹಾಡುವುದು ಕೇಳಿಸುತ್ತದೆ. ಜಂಬ ಎಂದರೆ ಇದು.

ಉತ್ತರ: ಮೂರನೇ ಹಂತ

ಮೇಲಿನ ಉತ್ತರದಲ್ಲಿ ಹುರುಳಿದೆ, ಆದರೆ ಅದು ಮಾತುಕತೆ ಮತ್ತು ಆಯ್ಕೆಗಳಿರುವ ಆರ್‌ಪಿಜಿಗಳಿಗೆ (ಪಾತ್ರವೊಂದನ್ನು ವಹಿಸಿ ಆಡುವ ಆಟಗಳಿಗೆ) ಮಾತ್ರ ಹೊಂದುತ್ತದೆ. ಆಯ್ಕೆಯೇ ಇಲ್ಲದ, ಖಳ ಎರಡು ಸಾಲಿಗಿಂತ ಹೆಚ್ಚು ಮಾತನಾಡದ ಆಟಗಳಲ್ಲೂ ಇದೇ ಪರಿಣಾಮ ಕಾಣುತ್ತದಲ್ಲ, ಅದಕ್ಕೇನು ಹೇಳುತ್ತೀರಿ? ನನ್ನ ಪ್ರಕಾರ ಖಳನ ಸ್ವಭಾವ ಕಾಳಗದ ನಿಯಮದೊಳಗೆ ಬೆರೆತಾಗ ಅವನು ಮನಸ್ಸಿನಲ್ಲಿ ನಿಲ್ಲುತ್ತಾನೆ. ಎರಡನೇ ಸಾಲಿನ ಬಾಸ್‌ಗಳ (ದೊಡ್ಡ ಕಾಳಗಗಳ ಶತ್ರುಗಳ) ಮೇಲೆ ವಿನ್ಯಾಸಕಾರರು ಧಾರಾಳವಾಗಿ ಪ್ರಯೋಗ ಮಾಡುತ್ತಾರೆ. ಕೊನೆಯ ಬಾಸ್ ಎಲ್ಲರಿಗೂ ಭವ್ಯವಾಗಿ ಕಾಣಲೇಬೇಕೆಂಬ ಒತ್ತಡದಲ್ಲಿ ಅಷ್ಟು ಧೈರ್ಯ ಮಾಡುವುದಿಲ್ಲ.

2011ರ ಡಾರ್ಕ್ ಸೋಲ್ಸ್‌ನ ಆರ್ನ್‌ಸ್ಟೀನ್ ಮತ್ತು ಸ್ಮೌ ಜೋಡಿ ನನಗೆ ಇದರ ಅತ್ಯುತ್ತಮ ಉದಾಹರಣೆ. ಒಬ್ಬ ಚುರುಕಾದ ಭರ್ಜಿಗಾರ, ಇನ್ನೊಬ್ಬ ದೊಡ್ಡ ಸುತ್ತಿಗೆ ಹೊತ್ತ ದಢೂತಿ ಕೊಲೆಗಡುಕ. ಇಬ್ಬರಲ್ಲಿ ಯಾರನ್ನು ಮೊದಲು ಕೊಂದರೂ ಉಳಿದವನು ಸತ್ತವನ ಶಕ್ತಿಯನ್ನು ಹೀರಿಕೊಂಡು ಪೂರ್ತಿ ಹೆಲ್ತ್‌ನೊಂದಿಗೆ ಮತ್ತೆ ನಿಲ್ಲುತ್ತಾನೆ. ಆ ಹೀರಿಕೊಳ್ಳುವ ಕೆಲವು ಕ್ಷಣಗಳನ್ನು ಗಮನಿಸಿ. ಸ್ಮೌ ಮೊದಲು ಬಿದ್ದರೆ, ಆರ್ನ್‌ಸ್ಟೀನ್ ಬಳಿಗೆ ಬಂದು ಆ ದೇಹದ ಮೇಲೆ ಮೆಲ್ಲಗೆ ಕೈಯಿಡುತ್ತಾನೆ. ಆರ್ನ್‌ಸ್ಟೀನ್ ಮೊದಲು ಬಿದ್ದರೆ, ಸ್ಮೌ ತನ್ನ ಜೊತೆಗಾರನ ದೇಹವನ್ನೇ ಸುತ್ತಿಗೆಯಿಂದ ಜಜ್ಜುತ್ತಾನೆ. ಒಂದು ಮಾತೂ ಇಲ್ಲದೆ ಇಬ್ಬರ ನಡುವಿನ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಆಮೇಲೆ ಸ್ಮೌನ ರಕ್ಷಾಕವಚದ ವಿವರಣೆ ಓದಿದರೆ, ತಾನು ಕೊಂದವರ ಮೂಳೆಗಳನ್ನು ಅರೆದು ತನ್ನ ಆಹಾರಕ್ಕೆ ಬೆರೆಸಿಕೊಳ್ಳುತ್ತಿದ್ದ ಕಾರಣಕ್ಕೇ ಅವನಿಗೆ ನಾಲ್ವರು ಮಹಾಯೋಧರ ಸಾಲಿನಲ್ಲಿ ಜಾಗ ಸಿಗಲಿಲ್ಲವೆಂದು ತಿಳಿಯುತ್ತದೆ. ಆರ್ನ್‌ಸ್ಟೀನ್ ಆ ನಾಲ್ವರಲ್ಲಿ ಒಬ್ಬ. ಹಾಗಾದರೆ ಆ ಸುತ್ತಿಗೆಯ ಏಟಿನಲ್ಲಿ ಹೊಟ್ಟೆಕಿಚ್ಚೂ ಇತ್ತೇ? ಆಟ ಹೇಳುವುದಿಲ್ಲ, ಅನುಮಾನಕ್ಕೆ ಎಡೆ ಮಾಡಿಕೊಟ್ಟು ಸುಮ್ಮನಾಗುತ್ತದೆ.

2022ರ ಎಲ್ಡೆನ್ ರಿಂಗ್‌ನ ಮಾರ್ಗಿಟ್ ಇನ್ನೊಂದು ಬಗೆ. ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲಲ್ಲಿ ನಿಂತು, ನಿನ್ನ ಮಹತ್ವಾಕಾಂಕ್ಷೆ ಇಲ್ಲಿಗೇ ಸಾಕು ಎನ್ನುವ ಧಾಟಿಯಲ್ಲಿ ತಡೆಯುತ್ತಾನೆ. ಅವನ ಹೊಡೆತಗಳಲ್ಲಿ ಹಲವು ಬೇಕೆಂದೇ ತಡವಾಗಿ ಬೀಳುತ್ತವೆ. ಎತ್ತಿದ ಕೋಲು ಗಾಳಿಯಲ್ಲೇ ನಿಲ್ಲುತ್ತದೆ, ನಾವು ಗಾಬರಿಯಿಂದ ಮೊದಲೇ ಉರುಳಿಬಿಡುತ್ತೇವೆ, ಉರುಳಿ ಏಳುವ ಹೊತ್ತಿಗೆ ಸರಿಯಾಗಿ ಕೋಲು ಬೀಳುತ್ತದೆ. ಅವಸರದವರನ್ನು ದಂಡಿಸುವುದೇ ಅವನ ಕಾಳಗದ ಸ್ವಭಾವ, ಅದೇ ಅವನ ಮಾತಿನ ಸ್ವಭಾವ ಕೂಡ. ಬಹಳ ಹೊತ್ತಿನ ನಂತರ ರಾಜಧಾನಿಯಲ್ಲಿ ಅವನು ಮಾರ್ಗಾಟ್ ಎಂಬ ನಿಜವಾದ ಹೆಸರಿನಲ್ಲಿ, ಅಲ್ಲಿನ ರಾಜನಾಗಿ ಎದುರಾಗುತ್ತಾನೆ. ಓಮನ್ ಎಂಬ ಶಪಿತನಾಗಿ, ಕೊಂಬುಗಳೊಂದಿಗೆ ಹುಟ್ಟಿದ ಕಾರಣಕ್ಕೆ ನಗರದ ಅಡಿಯ ಕತ್ತಲಿಗೆ ದೂಡಲ್ಪಟ್ಟವನು, ತನ್ನನ್ನು ಎಂದೂ ಪ್ರೀತಿಸದ ಎರ್ಡ್‌ಟ್ರೀ ಎಂಬ ಆ ಮಹಾವೃಕ್ಷವನ್ನೇ ಕಾಯುತ್ತ ನಿಂತಿದ್ದಾನೆ. ಮೊದಲ ಹಂತದಲ್ಲಿ ಚಿನ್ನದ ಬೆಳಕಿನ ಆಯುಧಗಳಿಂದ ಹೋರಾಡುವವನು, ಎರಡನೇ ಹಂತದಲ್ಲಿ ತಾನು ಅದುವರೆಗೆ ಅದುಮಿಟ್ಟಿದ್ದ ಶಪಿತ ರಕ್ತವನ್ನು ತಡೆಯಲಾರದೆ ಹೊರಚೆಲ್ಲುತ್ತಾನೆ. ಆಟದ ಕೊನೆಯಲ್ಲಿ ಎದುರಾಗುವ ಎಲ್ಡೆನ್ ಬೀಸ್ಟ್ ನೋಡಲು ಸುಂದರವಾಗಿದೆ, ಒಪ್ಪುತ್ತೇನೆ. ಆದರೆ ಅದರ ಹೊಡೆತಗಳಿಂದ ಅದರ ಮನಸ್ಸನ್ನು ಓದಲಾಗುವುದಿಲ್ಲ.

ಇದನ್ನು ಒಂದು ವ್ಯವಸ್ಥೆಯನ್ನಾಗಿಯೇ ಕಟ್ಟಿದ್ದು 2014ರ ಮಿಡಲ್-ಅರ್ತ್: ಶ್ಯಾಡೋ ಆಫ್ ಮಾರ್ಡಾರ್. ಅದರ ನೆಮೆಸಿಸ್ ವ್ಯವಸ್ಥೆಯಲ್ಲಿ ನಮ್ಮನ್ನು ಕೊಂದ ಹೆಸರಿಲ್ಲದ ಓರ್ಕ್ ಸೈನಿಕನಿಗೆ ಬಡ್ತಿ ಸಿಗುತ್ತದೆ, ಹೆಸರು ಬರುತ್ತದೆ. ಮುಂದಿನ ಸಲ ಎದುರಾದಾಗ ಹಿಂದಿನದನ್ನು ನೆನೆಸಿ ಹಂಗಿಸುತ್ತಾನೆ. ಬೆಂಕಿಯಿಂದ ಪಾರಾದವನು ಸುಟ್ಟ ಮುಖದೊಂದಿಗೆ ಮರಳುತ್ತಾನೆ. ಯಾವ ಬರಹಗಾರನೂ ಅವನ ಕಥೆಯನ್ನು ಮೊದಲೇ ಬರೆದಿರುವುದಿಲ್ಲ. ಆದರೂ ನಮ್ಮ ಸೋಲಿನಿಂದಲೇ ಹುಟ್ಟಿದ ಖಳನಾದ್ದರಿಂದ ಅವನ ಮೇಲಿನ ಹಗೆ ಅಪ್ಪಟವಾಗಿರುತ್ತದೆ. ಈ ವ್ಯವಸ್ಥೆಗೆ 2021ರಲ್ಲಿ ಪೇಟೆಂಟ್ ಸಿಕ್ಕಿತು, ನನಗಂತೂ ಇದು ಬೇಸರದ ವಿಷಯ.

ಉತ್ತರ: ಕತ್ತಲಕೋಟೆ

ಇಬ್ಬರೂ ಖಳ ಮತ್ತು ಆಟಗಾರನ ನಡುವಿನ ನಂಟನ್ನು ಮಾತ್ರ ನೋಡುತ್ತಿದ್ದೀರಿ. ಎರಡನೇ ಸಾಲಿನವನಿಗೆ ಇನ್ನೊಂದು ನಂಟು ಇರುತ್ತದೆ, ಅದು ಅವನ ಒಡೆಯನೊಂದಿಗೆ. ಮುಖ್ಯ ಖಳನಿಗೆ ಮೇಲೆ ಯಾರೂ ಇಲ್ಲ, ಅವನು ಯಾರಿಗೂ ಉತ್ತರ ಕೊಡಬೇಕಿಲ್ಲ. ಕೈಕೆಳಗಿನವನು ಮಾತ್ರ ದಿನವೂ ತೀರ್ಮಾನಿಸಬೇಕು: ಅನ್ನದ ಋಣಕ್ಕೆ ಕಟ್ಟುಬೀಳಲೋ, ತಿರುಗಿ ನಿಲ್ಲಲೋ, ಅಥವಾ ಒಡೆಯನನ್ನೇ ಮುಗಿಸಿ ಅವನ ಜಾಗದಲ್ಲಿ ಕೂರಲೋ.

ಮೂರನೆಯದಕ್ಕೆ 1994ರ ಫೈನಲ್ ಫ್ಯಾಂಟಸಿ 6ರ ಕೆಫ್ಕಾನನ್ನು ಮೀರಿಸಿದವರಿಲ್ಲ. ಮೊದಲು ಕಾಣಿಸಿಕೊಳ್ಳುವಾಗ ಅವನು ಗೆಸ್ಟಾಲ್ ಚಕ್ರವರ್ತಿಯ ಆಸ್ಥಾನದ ವಿದೂಷಕನಂತಿದ್ದಾನೆ. ಮರುಭೂಮಿಯ ನಡುವೆ ನಿಂತು ತನ್ನ ಬೂಟಿನ ಮರಳನ್ನು ಸೈನಿಕರಿಂದ ಒರೆಸಿಕೊಳ್ಳುತ್ತಾನೆ. ನಗು ಬರುತ್ತದೆ. ಮುಂದೆ ಡೋಮಾ ಕೋಟೆಯ ಮುತ್ತಿಗೆಯಲ್ಲಿ, ಮರ್ಯಾದಸ್ಥ ಸೇನಾಪತಿ ಲಿಯೋ ಅತ್ತ ತೆರಳಿದ್ದೇ ತಡ, ಇತ್ತ ಕೆಫ್ಕಾ ನೀರಿಗೆ ವಿಷ ಬೆರೆಸುತ್ತಾನೆ. ಒಳಗೆ ತಮ್ಮವರೇ ಸೆರೆಯಲ್ಲಿದ್ದಾರೆ ಎಂದರೂ ಅವನಿಗೆ ಲೆಕ್ಕವಿಲ್ಲ. ಅಲ್ಲಿಗೆ ನಗು ನಿಲ್ಲುತ್ತದೆ. ಆಟದ ಅರ್ಧದ ಸುಮಾರಿಗೆ ಅವನು ಚಕ್ರವರ್ತಿಯನ್ನೇ ಕೊಂದು ಜಗತ್ತನ್ನು ಹಾಳುಗೆಡವುತ್ತಾನೆ. ಮುಖ್ಯ ಖಳನೆಂದು ನಾವು ನಂಬಿದ್ದವನು ಅವನ ಮೆಟ್ಟಿಲಾಗಿದ್ದನಷ್ಟೆ. ಅವನು ಕೆಳಗಿನಿಂದ ಮೇಲೇರಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ಕಂಡಿದ್ದರಿಂದಲೇ ಕೊನೆಯಲ್ಲಿ ಅವನ ದೈವೀರೂಪಕ್ಕೆ ತೂಕ ಬರುತ್ತದೆ.

ಇದಕ್ಕೆ ವಿರುದ್ಧವಾದದ್ದು 2006ರ ಜೆಲ್ಡಾ: ಟ್ವಿಲೈಟ್ ಪ್ರಿನ್ಸೆಸ್‌ನ ಜಾಂಟ್. ಮುಖ ಮುಚ್ಚುವ ಶಿರಸ್ತ್ರಾಣ ತೊಟ್ಟು, ಹೆಚ್ಚು ಮಾತಿಲ್ಲದೆ ಬರುವ ಅವನು ಮೊದಮೊದಲು ನಿಜಕ್ಕೂ ಭಯ ಹುಟ್ಟಿಸುತ್ತಾನೆ. ಆಮೇಲೆ ಅವನ ಒಡೆಯ ಗ್ಯಾನಂಡಾರ್ಫ್‌ನ ಹೆಸರು ಮುಂದೆ ಬರುತ್ತದೆ. ಜಾಂಟ್ ಕೊನೆಯ ಕಾಳಗದಲ್ಲಿ ರಚ್ಚೆ ಹಿಡಿದ ಮಗುವಿನಂತೆ ಕೈಕಾಲು ಬಡಿಯುತ್ತಾನೆ. ಅಧಿಕಾರ ಸಿಗದ ಹತಾಶೆಯಲ್ಲಿ ಬೇರೆಯವನ ಕೈಗೊಂಬೆಯಾದವನ ನಿಜವಾದ ಮುಖ ಅದೇ ಎಂದು ಸಮರ್ಥಿಸುವವರಿದ್ದಾರೆ. ಆ ವಾದ ಕಾಗದದ ಮೇಲೆ ಸರಿ. ಆದರೆ ಅವನು ಗ್ಯಾನಂಡಾರ್ಫ್‌ನಿಗೆ ಶರಣಾದ ಮೇಲೆ ಏನನ್ನು ನುಂಗಿಕೊಂಡ, ಯಾವಾಗ ಅನುಮಾನಪಟ್ಟ ಎಂಬುದನ್ನು ಆಟ ತೋರಿಸುವುದೇ ಇಲ್ಲ. ಒಡೆಯ ಮತ್ತು ಆಳಿನ ನಡುವಿನ ಆ ಭಾಗವನ್ನೇ ಬಿಟ್ಟುಬಿಟ್ಟಿದ್ದರಿಂದ ಅವನು ದಾರಿ ತಪ್ಪಿಸಲು ನಿಲ್ಲಿಸಿದ ಬೆದರುಬೊಂಬೆಯಷ್ಟೇ ಆದ.

ಗಾಂಟರ್ ಓ'ಡಿಮ್‌ನ ಬಗ್ಗೆ ಒಂದು ಮಾತು. ಆ ಎಕ್ಸ್‌ಪಾನ್ಶನ್‌ನಲ್ಲಿ ಅವನೇ ಮುಖ್ಯ, ಅವನಿಗೆ ಒಡೆಯರಿಲ್ಲ. ಆದ್ದರಿಂದ ಈ ಚರ್ಚೆಗೆ ಅವನನ್ನು ತರುವುದು ಸರಿಯಲ್ಲ.

ದೀಪಸ್ತಂಭ:

ಗಾಂಟರ್‌ನ ವಿಷಯದಲ್ಲಿ ಆಕ್ಷೇಪ ಒಪ್ಪಬಹುದು, ಆದರೂ ಹೋಟೆಲಿನಲ್ಲಿ ಕಾಲವನ್ನೇ ನಿಲ್ಲಿಸಿ, ಮಾತಿಗೆ ಅಡ್ಡ ಬಂದ ಕುಡುಕನ ಕಣ್ಣಿಗೆ ಮರದ ಚಮಚವನ್ನು ಚುಚ್ಚಿ, ಏನೂ ಆಗಿಲ್ಲವೆಂಬಂತೆ ಹೊರಡುವ ದೃಶ್ಯವನ್ನು ಪಟ್ಟಿಯಿಂದ ತೆಗೆದುಹಾಕಲು ಮನಸ್ಸು ಬರುವುದಿಲ್ಲ.

ಇನ್ನೊಂದು ಸಂದೇಹ. ಖಳನು ನಮಗೆ ಹತ್ತಿರವಾಗುವುದೇ ಅಪಾಯವೂ ಆಗಬಹುದಲ್ಲವೇ? 1997ರ ಫೈನಲ್ ಫ್ಯಾಂಟಸಿ 7ರಲ್ಲಿ ಎದುರಾಳಿ ಕಂಪನಿಗೆ ದುಡಿಯುವ ಟರ್ಕ್ಸ್ ತಂಡವನ್ನು ನೋಡಿ. ಆ ತಂಡದ ರೀನೋ ಒಂದು ಗುಂಡಿ ಒತ್ತಿ ಮಿಡ್‌ಗಾರ್ ನಗರದ ಸೆಕ್ಟರ್ 7ರ ಮೇಲಿನ ಇಡೀ ಫಲಕವನ್ನು ಕೆಳಗಿನ ಕೊಳೆಗೇರಿಯ ಮೇಲೆ ಬೀಳಿಸುವ ಕೆಲಸ ಮುಗಿಸುತ್ತಾನೆ. ಆಮೇಲೆ ಅದೇ ತಂಡ ವೂಟಾಯ್ ಊರಿನಲ್ಲಿ ರಜೆ ಹಾಕಿ ಕುಡಿಯುತ್ತ ಕುಳಿತಿರುತ್ತದೆ; ಅಲ್ಲಿನ ಸೈಡ್ ಕ್ವೆಸ್ಟ್ (ಕಡ್ಡಾಯವಲ್ಲದ ಉಪಕಥೆ) ಮುಗಿಸಿದ್ದರೆ ಮಿಡ್‌ಗಾರ್‌ನಲ್ಲಿ ಅವರೊಡನೆ ಕೊನೆಯ ಕಾದಾಟವನ್ನೇ ತಪ್ಪಿಸಬಹುದು. ನನಗೆ ಅವರು ಇಷ್ಟ. ಇಷ್ಟವಾಗುತ್ತಾರಲ್ಲ ಎಂಬುದೇ ಕಸಿವಿಸಿ.

ಉತ್ತರ: ಹಳೇ ಸೇವ್ ಫೈಲ್

ಟರ್ಕ್ಸ್ ತಂಡವನ್ನು 1992ರ ಫೈನಲ್ ಫ್ಯಾಂಟಸಿ 5ರ ಗಿಲ್ಗಮೆಶ್‌ನ ಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಕಸಿವಿಸಿಯ ಕಾರಣ ಸ್ಪಷ್ಟವಾಗುತ್ತದೆ. ಗಿಲ್ಗಮೆಶ್ ಮುಖ್ಯ ಖಳ ಎಕ್ಸ್‌ಡೆತ್‌ನ ಬಂಟ. ಸೋಲುವ ಸೂಚನೆ ಸಿಕ್ಕ ಕೂಡಲೇ ನೆಪ ಹೇಳಿ ಓಡುತ್ತಾನೆ. ಜಗತ್ಪ್ರಸಿದ್ಧ ಕತ್ತಿ ತನ್ನ ಕೈಯಲ್ಲಿದೆಯೆಂದು ಬೀಗುತ್ತ ಬೀಸಿದರೆ ಅದು ಒಂದೇ ಅಂಕದಷ್ಟು ಪೆಟ್ಟು ಕೊಡುವ ನಕಲಿ ಕತ್ತಿಯಾಗಿರುತ್ತದೆ. ಅವನ ಕೈಗೆ ಅಂಥ ದೊಡ್ಡ ಪಾಪ ಮೆತ್ತಿಕೊಂಡಿಲ್ಲದ್ದರಿಂದ, ಒಡೆಯನೇ ಅವನನ್ನು ಹೊರದಬ್ಬಿದ ಮೇಲೆ ನಮ್ಮನ್ನು ಉಳಿಸಲು ಪ್ರಾಣ ಕೊಡುವಾಗ ಮನಸ್ಸು ಒಪ್ಪಿಕೊಳ್ಳುತ್ತದೆ. ಟರ್ಕ್ಸ್‌ನ ವಿಷಯದಲ್ಲಿ ಆಟ ಲೆಕ್ಕ ಚುಕ್ತಾ ಮಾಡದೆ ಗೆಳೆತನವನ್ನು ಮುಂದಿಡುತ್ತದೆ. ಸಂಬಳಕ್ಕೆ ಕೊಲ್ಲುವವರೂ ಕೆಲಸ ಮುಗಿದ ಮೇಲೆ ಸಾಮಾನ್ಯರಂತೆಯೇ ಇರುತ್ತಾರೆ ಎಂದು ತೋರಿಸುವುದು ಅದರ ಉದ್ದೇಶವಾಗಿದ್ದರೆ, ನಿಮ್ಮ ಕಸಿವಿಸಿಯೇ ಅದರ ಯಶಸ್ಸು. ಉದ್ದೇಶ ಅದೇ ಆಗಿತ್ತೇ ಎಂಬುದರಲ್ಲಿ ನನಗೆ ಪೂರ್ತಿ ನಂಬಿಕೆಯಿಲ್ಲ.

ಕತ್ತಲಕೋಟೆಯವರ ಮಾತನ್ನು ನಾನು ಹೀಗೆ ತಿದ್ದುತ್ತೇನೆ: ಒಡೆಯನೊಂದಿಗಿನ ನಂಟು ನಮ್ಮ ಕಣ್ಣೆದುರಿಗೆ ಬದಲಾಗಬೇಕು. ಬಾಲ್ಡರ್ಸ್ ಗೇಟ್ 3ರ ಕೆಥರಿಕ್ ಥಾರ್ಮ್ ಹೆಂಡತಿ ಮಗಳನ್ನು ಕಳೆದುಕೊಂಡ ದುಃಖದಲ್ಲಿ ದೇವತೆಯಿಂದ ದೇವತೆಗೆ ನಿಷ್ಠೆ ಬದಲಿಸುತ್ತ ಕೊನೆಗೆ ಸಾವಿನ ದೇವರು ಮಿರ್ಕುಲ್‌ನ ಬಳಿಗೆ ಬಂದವನು. ಮಗಳು ಮರಳಿ ಬದುಕಿದ್ದಾಳೆ, ಆದರೆ ಅವಳೇ ತಂದೆಯ ವಿರುದ್ಧ ನಿಂತಿದ್ದಾಳೆ. ಕಾಳಗಕ್ಕೆ ಮೊದಲು ಆ ದುಃಖವನ್ನು ಹಿಡಿದು ಅವನೊಡನೆ ವಾದಿಸಲು ಆಟ ನಮಗೆ ಅವಕಾಶ ಕೊಡುತ್ತದೆ. ಅವನ ಜೊತೆಗಾರರಾದ ಗಾರ್ಟಾಶ್ ಮತ್ತು ಓರಿನ್‌ಗೆ ಇಷ್ಟು ಆಳವಿಲ್ಲ; ಓರಿನ್ ವೇಷ ಬದಲಿಸಿ ನಮ್ಮ ಬಿಡಾರಕ್ಕೇ ನುಸುಳುವುದು ಮೈ ಜುಮ್ಮೆನಿಸುತ್ತದೆ, ಅಷ್ಟೆ.

ಉತ್ತರ: ಮೂರನೇ ಹಂತ

ಮೊದಲ ಪ್ರಶ್ನೆಯಲ್ಲಿದ್ದ ಸ್ಯಾಮ್ಸನ್ ಮತ್ತು ಕ್ಯಾಲ್ಪರ್ನಿಯಾರನ್ನು ಯಾರೂ ಮುಟ್ಟಲಿಲ್ಲ. ಹಳೇ ಸೇವ್ ಫೈಲ್ ಅವರ ವಾದಕ್ಕೆ ದೊಡ್ಡ ತೊಡಕು ಇರುವುದು ಅಲ್ಲೇ. ಕ್ಯಾಲ್ಪರ್ನಿಯಾಳ ಭವಿಷ್ಯವೂ ಇತ್ಯರ್ಥವಾಗಿರುವುದಿಲ್ಲ. ಕೊರಿಫಿಯಸ್ ಅವಳನ್ನೇ ಬಂಧಿಸಿ ಬಳಸಿಕೊಳ್ಳಲು ಹೊಂಚು ಹಾಕಿದ್ದಾನೆಂದು ಪುರಾವೆ ಸಮೇತ ತಿಳಿಸಿದರೆ ಅವಳು ಕಾಳಗವನ್ನೇ ಕೈಬಿಡುತ್ತಾಳೆ. ಒಡೆಯನೊಂದಿಗಿನ ನಂಟು ನಮ್ಮ ಕಣ್ಣೆದುರಿಗೇ ಮುರಿಯುತ್ತದೆ. ನಿಮ್ಮಿಬ್ಬರ ಷರತ್ತುಗಳೂ ಪೂರೈಸಿದಂತಾಯಿತು, ಆದರೂ ಪ್ರಶ್ನೆ ಕೇಳಿದವರಿಗೆ ಅವಳು ಮಸುಕು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಾವು ಮಾಂತ್ರಿಕರ ಪಕ್ಷ ಹಿಡಿದರೆ ಸ್ಯಾಮ್ಸನ್ ಬರುತ್ತಾನೆ, ಅವರನ್ನು ಕಾಯುವ ಟೆಂಪ್ಲರ್ ಯೋಧರ ಪಕ್ಷ ಹಿಡಿದರೆ ಕ್ಯಾಲ್ಪರ್ನಿಯಾ. ಒಂದೇ ಖಾಲಿ ಜಾಗಕ್ಕೆ ಇಬ್ಬರಲ್ಲಿ ಯಾರಾದರೂ ಸರಿಹೊಂದಬೇಕಾದ್ದರಿಂದ ಮುಖ್ಯ ಕಥೆ ಇಬ್ಬರ ಮೇಲೂ ಭಾರ ಹಾಕುವುದಿಲ್ಲ. ನಮ್ಮ ನೆಲೆಯಾದ ಹೇವನ್ ಮೇಲಿನ ದಾಳಿಯಲ್ಲಿ ಅವಳು ದೂರದ ಗುಡ್ಡದ ಮೇಲೆ ಕೊರಿಫಿಯಸ್‌ನ ಪಕ್ಕ ನಿಂತಿರುವುದು ಕಾಣುತ್ತದೆ. ಅಲ್ಲಿಂದ ಮುಂದೆ ಬಹುತೇಕ ಎಲ್ಲವೂ ಕಾಗದಪತ್ರಗಳಲ್ಲಿ, ಬೇರೆಯವರ ಮಾತಿನಲ್ಲಿ ತಿಳಿಯುವಂಥದ್ದು. ಎದುರುಬದುರಾಗಿ ಮಾತನಾಡುವ ಹೊತ್ತಿಗೆ ನಾವು ದೇವಾಲಯದೊಳಗೆ ಇದ್ದೇವೆ, ಅವಳ ಪಾತ್ರ ಮುಗಿಯುತ್ತ ಬಂದಿದೆ. ಅವಳನ್ನು ಕೊಂದರೂ ಬಿಟ್ಟರೂ ಅಲಿಸ್ಟರ್‌ನಂತೆ ಎದ್ದು ಹೋಗುವವರು ನಮ್ಮ ಪಕ್ಕದಲ್ಲಿ ಯಾರೂ ಇಲ್ಲ.